ಮಾಗಡಿ ಕೆರೆಗೆ ಹೋಗುವ ಮುನ್ನ

(ಗದಗದಲ್ಲಿ ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಸ್ಥರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತಿನ ಸಭೆಯ ವಿಷಯಪಟ್ಟಿಯಲ್ಲಿ ಬೋನಸ್ಸಿನ ಮಾತಿದೆ, ಸಂತೆಕಟ್ಟೆಯ ಕರದ ಮಾತಿದೆ. ಅವೆರಡರ ನಡುವೆ "ಮಾಗಡಿ ಕೆರೆ ಪ್ರವಾಸ" ಎಂಬ ಒಂದು ಸಾಲನ್ನು ಓದಿದಾಗ ಹಿಂದೆ ಕುಳಿತ ಕೆಲವರು ನಕ್ಕದ್ದು ನಮಗೆ ಕೇಳಿಸಿತು. ನಗಲಿ. ಹೊಟ್ಟೆಯ ಮಾತಿನ ನಡುವೆ ಹಕ್ಕಿಯ ಮಾತೇಕೆ ಎಂದು ಕೇಳುವುದು ತಪ್ಪಲ್ಲ. ಆದರೆ ವಾರಕ್ಕೆ ಆರು ದಿನ ಹತ್ತಿಯ ಧೂಳು ನುಂಗಿ ಏಳನೆಯ ದಿನ ಹೆಂಡಿರು ಮಕ್ಕಳನ್ನು ಕರೆದುಕೊಂಡು ಬಯಲಿಗೆ ಹೋಗಬೇಕೆಂಬ ಆಸೆಯೂ ಹೊಟ್ಟೆಯ ಮಾತಿಗಿಂತ ಬಹಳ ದೂರದ್ದಲ್ಲ. ರಜೆ ಎಂಬುದು ಯಾರೂ ನಮಗೆ ದಾನವಾಗಿ ಕೊಟ್ಟದ್ದಲ್ಲ, ನಮ್ಮ ಹಿರಿಯರು ಹೋರಾಡಿ ಪಡೆದದ್ದು. ಅದನ್ನು ಹೇಗೆ ಕಳೆಯಬೇಕೆಂಬುದು ಸಂಘಟನೆಯ ಸಭೆಯಲ್ಲಿ ಚರ್ಚೆಗೆ ಬರಬೇಕಾದ ವಿಷಯವೇ.

ಮತ್ತೊಂದು ಕಾರಣವಿದೆ. ಹೋದ ವರ್ಷದ ಚಳಿಗಾಲದಲ್ಲಿ ನಾವು ಇದೇ ಕೆರೆಗೆ ಹೋಗಿ ಮಾನ ಕಳೆದುಕೊಂಡು ಬಂದೆವು. ಬಂದವರಲ್ಲಿ ಅರ್ಧದಷ್ಟು ಜನ ಇಲ್ಲೇ ಕುಳಿತಿದ್ದೀರಿ. ಆ ಸಂಗತಿಯನ್ನು ಮುಚ್ಚಿಟ್ಟು ಈ ವರ್ಷ ಮತ್ತೆ ಟೆಂಪೋ ಹತ್ತುವುದು ನಮಗೆ ಸರಿ ಕಾಣಲಿಲ್ಲ. ಅದಕ್ಕಾಗಿ ಅರ್ಧ ಗಂಟೆಯ ಕಾಲ ಕೇಳಿಕೊಂಡೆವು.

ಹೋದ ಸಲ ಬಾರದವರಿಗಾಗಿ ಮೊದಲು ಕೆರೆಯ ಪರಿಚಯ. ಗದಗದಿಂದ ಸುಮಾರು 26 ಕಿಲೋಮೀಟರು ದೂರ, ಶಿರಹಟ್ಟಿ ತಾಲೂಕಿನ ಮಾಗಡಿ ಊರಿನ ಕೆರೆ. ಮಳೆಯ ನೀರು ನಿಲ್ಲಿಸಿ ಹೊಲಗಳಿಗೆ ಹರಿಸಲೆಂದು ಮನುಷ್ಯರೇ ಕಟ್ಟಿದ್ದು. ರಾಜರ ಉದ್ಯಾನವಲ್ಲ, ಸಾಹೇಬರ ಬೇಟೆಯ ಕಾಡೂ ಅಲ್ಲ. ಮಣ್ಣು ಹೊತ್ತವರ ಬೆವರಿನಿಂದ ಆದ ಕೆರೆ. ವಿಸ್ತಾರ ಸುಮಾರು 54 ಹೆಕ್ಟೇರು, ಅಂದರೆ 134 ಎಕರೆ. ಇಷ್ಟು ಚಿಕ್ಕ ಕೆರೆಯಲ್ಲಿ 166 ಜಾತಿಯ ಹಕ್ಕಿಗಳನ್ನು ಎಣಿಸಿದ್ದಾರೆ. 2024ರ ಜನವರಿ ಕೊನೆಯಲ್ಲಿ ಇದನ್ನು ರಾಮ್ಸರ್ ಪಟ್ಟಿಗೆ ಸೇರಿಸಲಾಯಿತು. ರಾಮ್ಸರ್ ಎಂಬುದು ಇರಾನ್ ದೇಶದ ಒಂದು ಊರು. ನೀರಿನ ನೆಲೆಗಳನ್ನು ಉಳಿಸಲು ಹಲವು ದೇಶಗಳು 1971ರಲ್ಲಿ ಅಲ್ಲಿ ಕೂಡಿ ಒಪ್ಪಂದ ಮಾಡಿಕೊಂಡವು. ನಮ್ಮ ರಾಜ್ಯದಿಂದ ಮಾಗಡಿಯ ಜೊತೆಗೆ ಅಂಕಸಮುದ್ರ ಕೆರೆಯೂ ಅಘನಾಶಿನಿ ಅಳಿವೆಯೂ ಆಗಲೇ ಆ ಪಟ್ಟಿ ಸೇರಿದವು. ಇದಕ್ಕೆ ಮೊದಲು 2022ರಲ್ಲಿ ರಂಗನತಿಟ್ಟು ಸೇರಿತ್ತು.

ಪಟ್ಟಿ ಸೇರಿದ ಮೇಲೆ ಪೇಪರಿನಲ್ಲಿ ಚಿತ್ರ ಬಂತು. ಚಿತ್ರ ಬಂದ ಮೇಲೆ ಜನ ಹೊರಟರು. ನಾವೂ ಹೊರಟೆವು.

ಆ ಕೆರೆಯ ಮುಖ್ಯ ಅತಿಥಿ ಪಟ್ಟೆತಲೆಯ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಇದ್ದಲಿನಿಂದ ಗೀರಿದಂತೆ ಎರಡು ಕಪ್ಪು ಪಟ್ಟೆ. ಕೊಕ್ಕೂ ಕಾಲೂ ಕಿತ್ತಳೆ ಬಣ್ಣ ಬೆರೆತ ಹಳದಿ. ಚಳಿಗಾಲದಲ್ಲಿ ಈ ಕೆರೆಗೆ ಸುಮಾರು 8000 ಬರುತ್ತವೆಂದು ಲೆಕ್ಕ ಹೇಳುತ್ತದೆ. ದಕ್ಷಿಣ ಭಾರತದಲ್ಲಿ ಈ ಹಕ್ಕಿ ಚಳಿಗಾಲ ಕಳೆಯುವ ದೊಡ್ಡ ನೆಲೆಗಳಲ್ಲಿ ನಮ್ಮ ಮಾಗಡಿಯೂ ಒಂದು. ಇವು ಮೊಟ್ಟೆಯಿಡುವುದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳ ದಂಡೆಯಲ್ಲಿ. ಅಲ್ಲಿ ನೀರು ಹೆಪ್ಪುಗಟ್ಟಿದಾಗ ಹಿಮಾಲಯವನ್ನು ದಾಟಿ ಇತ್ತ ಬರುತ್ತವೆ.

ಈ ದಾಟುವುದನ್ನು ಕುರಿತು ಎರಡು ಮಾತು ಹೇಳಬೇಕು, ಏಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ. ವಿಜ್ಞಾನಿಗಳು ಈ ಹಕ್ಕಿಗಳ ಮೈಗೆ ಸಣ್ಣ ಯಂತ್ರ ಕಟ್ಟಿ ಅವು ಹೋದ ದಾರಿಯನ್ನು ಅಳೆದಿದ್ದಾರೆ. 7000 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಆ ಎತ್ತರದ ಗಾಳಿಯಲ್ಲಿ ಆಮ್ಲಜನಕ ನಮ್ಮ ಗದಗದ ಗಾಳಿಯಲ್ಲಿ ಇರುವುದರ ಅರ್ಧದಷ್ಟೂ ಇಲ್ಲ. ನಮ್ಮಂಥವರು ಅಲ್ಲಿ ಹತ್ತು ಹೆಜ್ಜೆ ನಡೆದರೆ ಕುಸಿದು ಬೀಳುತ್ತೇವೆ. ಎರಡು ಮೂರು ಕಿಲೋ ತೂಗುವ ಈ ಹಕ್ಕಿ ರೆಕ್ಕೆ ಬಡಿಯುತ್ತ ದಾಟುತ್ತದೆ. ಅದೂ ಹೆಚ್ಚಾಗಿ ರಾತ್ರಿಯಲ್ಲಿ, ನಸುಕಿನಲ್ಲಿ. ತಂಪು ಗಾಳಿ ಹೆಚ್ಚು ಸಾಂದ್ರ, ರೆಕ್ಕೆಗೆ ಆಧಾರ ಕೊಡುತ್ತದೆ. ರಾತ್ರಿಪಾಳಿ ಎಂದರೇನೆಂದು ಬಲ್ಲ ಜನ ನಾವು. ಇದು ರಾತ್ರಿಪಾಳಿಯ ಹಕ್ಕಿ.

ಇಲ್ಲಿಗೆ ಬಂದ ಮೇಲೂ ಅದರ ಪಾಳಿ ಬದಲಾಗುವುದಿಲ್ಲ. ಕತ್ತಲಾಗುತ್ತ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತದೆ. ಬೆಳಗಾದ ಮೇಲೆ ಗುಂಪುಗುಂಪಾಗಿ ಕೆರೆಗೆ ಮರಳಿ ಹಗಲೆಲ್ಲ ನೀರಿನಲ್ಲಿ ತೇಲುತ್ತ, ದಂಡೆಯಲ್ಲಿ ಒಂಟಿಗಾಲಿನಲ್ಲಿ ನಿಂತು ಕತ್ತನ್ನು ರೆಕ್ಕೆಯಲ್ಲಿ ಹುದುಗಿಸಿ ನಿದ್ದೆ ಮಾಡುತ್ತದೆ. ನಾವು ಪ್ರವಾಸಿಗಳು ಹೋಗುವುದು ಹಗಲು ಹತ್ತು ಗಂಟೆಗೆ. ಅಂದರೆ ಸರಿಯಾಗಿ ಅದು ಮಲಗುವ ಹೊತ್ತಿಗೆ.

ಈಗ ಹೋದ ವರ್ಷದ ಸಂಗತಿ. ಸುಮಾರು ಮೂವತ್ತು ಜನ ಹೋಗಿದ್ದೆವು. ಕೆರೆಯ ಏರಿ ಹತ್ತಿ ನೋಡಿದರೆ ನೀರೇ ಕಾಣದಂತೆ ಹಕ್ಕಿ. ಎಲ್ಲರೂ ಒಂದು ಗಳಿಗೆ ಸುಮ್ಮನಾದೆವು. ಆಮೇಲೆ ನಮ್ಮ ತರುಣ ಮಿತ್ರನೊಬ್ಬ, ಹೆಸರು ಬೇಡ, ಮೊಬೈಲು ಹಿಡಿದು, "ಕುಂತಿದ್ರ ಏನ್ ಚಂದರೀ, ಹಾರಬೇಕು" ಎಂದ. ಮತ್ತೊಬ್ಬ ಚಪ್ಪಾಳೆ ಹೊಡೆದ. ಮೂರನೆಯವ ಹೆಂಟೆ ಎತ್ತಿ ಎಸೆದ. ಇಡೀ ಕೆರೆ ಎದ್ದಂತೆ ಹಕ್ಕಿಗಳೆದ್ದವು. ಆ ಸದ್ದು, ಆ ನೆರಳು ತಲೆಯ ಮೇಲೆ ಹಾದುಹೋದದ್ದು, ಅದೊಂದು ನೋಟ! ಮಕ್ಕಳು ಕೇಕೆ ಹಾಕಿದರು. ಸುಳ್ಳೇಕೆ ಹೇಳಬೇಕು, ನಾವೂ ಕೂಗಿದೆವು. ಹನ್ನೊಂದು ವರ್ಷ ಶಾಲೆಯಲ್ಲಿ ಮಕ್ಕಳಿಗೆ "ಗದ್ದಲ ಮಾಡಬ್ಯಾಡ್ರಿ" ಎಂದು ಕೋಲು ಬಡಿದ ನಾವು ಆ ದಿನ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಕೂಗಿದೆವು.

ಹಕ್ಕಿಗಳು ಎರಡು ಸುತ್ತು ಹಾಕಿ ಅರ್ಧದಷ್ಟು ಮರಳಿ ಇಳಿದವು. ಇಳಿಯುತ್ತಲೇ ನಮ್ಮವರು ಮತ್ತೆ ಚಪ್ಪಾಳೆ ಹೊಡೆದರು. ಮೂರನೆಯ ಸಲಕ್ಕೆ ಅವು ಕೆರೆಯನ್ನೇ ಬಿಟ್ಟು ಹೋದವು. ಬಿಸಿಲು ಏರುವವರೆಗೆ ಕಾದೆವು, ಬರಲಿಲ್ಲ. ನಮ್ಮ ನಂತರ ಬೇರೆ ಊರಿನಿಂದ ಶಾಲೆಯ ಮಕ್ಕಳು ಸಾಲಾಗಿ ನಡೆದು ಬಂದರು. ಅವರಿಗೆ ಕಂಡದ್ದು ಬರೀ ನೀರು.

ಏರಿಯ ಕೆಳಗೆ ಹೊಲದಲ್ಲಿ ಒಬ್ಬ ಮುದುಕ ಬದುವಿನ ಮೇಲೆ ಕುಳಿತಿದ್ದ. ಎದ್ದು ಹತ್ತಿರ ಬಂದ. ಬೈಯುತ್ತಾನೆಂದುಕೊಂಡೆವು, ಬೈಯಲಿಲ್ಲ. "ಮಾಸ್ತರ, ರಾತ್ರಿ ನಮ್ಮ ಕಡ್ಲಿ ಮೇದು ಬಂದಾವ್ರೀ ಅವು. ದೂರದಿಂದ ಬಂದಾವ, ಹಸಿದಾವ, ತಿನ್ನಲಿ ಅಂತ ನಾವು ಓಡ್ಸಿಲ್ಲ. ನೀವ್ ಏನ್ ಕಳಕೊಂಡೀರಿ ಅಂತ ಓಡ್ಸಾಕ ಹತ್ತೀರಿ?" ಎಂದ.

ನಮ್ಮ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಸಂಗಾತಿಗಳೆ, ಆ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಹೆಬ್ಬಾತು ಹುಲ್ಲು, ಕಾಳು, ಎಳೆ ಪೈರು ತಿನ್ನುವ ಹಕ್ಕಿ, ಮೀನು ಹಿಡಿಯುವುದಲ್ಲ. ಅದರ ಊಟ ನಡೆಯುವುದು ಆ ಊರಿನ ರೈತರ ಕಡಲೆ ಶೇಂಗಾ ಹೊಲಗಳಲ್ಲಿ. ಅಂದರೆ ಸರಕಾರ ಪಟ್ಟಿ ಮಾಡುತ್ತದೆ, ಪೇಪರು ಚಿತ್ರ ಹಾಕುತ್ತದೆ, ನಾವು ನೋಡಿ ಹಿಗ್ಗುತ್ತೇವೆ, ಖರ್ಚು ಹೊರುವವನು ಮಾತ್ರ ಎರಡು ಎಕರೆಯ ಒಕ್ಕಲಿಗ. ಯಾವ ಕಾಗದದಲ್ಲೂ ಅವನ ಹೆಸರಿಲ್ಲ. ಅವನ ನಷ್ಟಕ್ಕೆ ತಕ್ಕ ಪರಿಹಾರ ಸಿಗಬೇಕೆಂದು ನಾವು ರೈತ ಬಂಧುಗಳ ಜೊತೆ ನಿಂತು ಕೇಳಬೇಕು, ಅದು ಬೇರೆ ಠರಾವಿನ ಮಾತು. ಆದರೆ ಪರಿಹಾರ ಕೇಳುವ ಬಾಯಿಯಿಂದಲೇ ಅವನ ಅತಿಥಿಯನ್ನು ಅಟ್ಟುವುದು ಹೇಗೆ?

ಒಮ್ಮೆ ಹಾರಿಸಿದರೆ ಏನಾಯಿತು, ಹಕ್ಕಿಗೆ ಹಾರುವುದೇ ಕೆಲಸವಲ್ಲವೆ ಎಂದು ಕೇಳುವವರಿದ್ದಾರೆ. ಅದಕ್ಕೆ ನಾವು ಇಷ್ಟೇ ಹೇಳುತ್ತೇವೆ. ನೀವು ರಾತ್ರಿಪಾಳಿ ಮುಗಿಸಿ ಬೆಳಗ್ಗೆ ಏಳಕ್ಕೆ ಮನೆಗೆ ಬಂದು, ಒಂದು ರೊಟ್ಟಿ ತಿಂದು, ಮುಸುಕು ಹಾಕಿ ಮಲಗಿದ್ದೀರಿ. ಒಂಬತ್ತಕ್ಕೆ ಬಾಗಿಲಲ್ಲಿ ಡೊಳ್ಳು ಬಡಿಯುತ್ತಾರೆ. ಎದ್ದು ಬರುತ್ತೀರಿ. ಅವರು ನಿಮ್ಮ ಚಿತ್ರ ತೆಗೆದುಕೊಂಡು ನಕ್ಕು ಹೋಗುತ್ತಾರೆ. ಹತ್ತಕ್ಕೆ ಇನ್ನೊಂದು ತಂಡ. ಹನ್ನೊಂದಕ್ಕೆ ಮತ್ತೊಂದು. ಹೀಗೆ ಮೂರು ತಿಂಗಳು. ಆಮೇಲೆ ಒಂದು ದಿನ ನಿಮಗೆ ಹಿಮಾಲಯ ಹತ್ತಿ ಎಂದು ಹೇಳುತ್ತಾರೆ. ಚಳಿಗಾಲ ಮುಗಿಯುತ್ತಲೇ ಆ ಹಕ್ಕಿ ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ಉರುವಲು ಮಾಡಿಕೊಂಡು ಮರಳಿ ಹಾರಬೇಕು. ನಮ್ಮ ಒಂದೊಂದು ಚಪ್ಪಾಳೆಯೂ ಆ ಉರುವಲಿನಿಂದ ಕದ್ದ ಪಾಲು. ಅವನು ಒಬ್ಬ ಹೊಡೆದದ್ದಲ್ಲ. ರವಿವಾರಕ್ಕೆ ಎಷ್ಟು ಟೆಂಪೋ, ಎಷ್ಟು ಕಾರು ಬರುತ್ತವೆಂದು ಎಣಿಸಿ ನೋಡಿ.

ಕಾಯಿದೆಯೂ ಇದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 27ನೆಯ ಕಲಮಿನ ಪ್ರಕಾರ ಅಭಯಾರಣ್ಯದಲ್ಲಿ ಕಾಡುಪ್ರಾಣಿಯನ್ನು ಕೆಣಕುವುದೂ ಹಿಂಸಿಸುವುದೂ ಕಸ ಚೆಲ್ಲುವುದೂ ನಿಷಿದ್ಧ. 30ನೆಯ ಕಲಮು ಬೆಂಕಿ ಹಚ್ಚುವುದನ್ನು ತಡೆಯುತ್ತದೆ. ಮಾಗಡಿ ಕೆರೆ ಅಭಯಾರಣ್ಯವಲ್ಲ, ಸಂರಕ್ಷಣಾ ಮೀಸಲು; ಆದರೆ ಈ ಕಲಮುಗಳು ಅಂಥ ಮೀಸಲಿಗೂ ಅನ್ವಯಿಸುತ್ತವೆ. ಕಾಯಿದೆಯ ಹೆಸರು ಹೇಳಿ ನಿಮ್ಮನ್ನು ಹೆದರಿಸುವುದು ನಮ್ಮ ಉದ್ದೇಶವಲ್ಲ. ದಂಡ ಹಾಕುವವನು ನೋಡುತ್ತಿಲ್ಲವೆಂದು ಕಲ್ಲೆಸೆಯುವುದು, ಮುಕಾದಮ ಅತ್ತ ಹೋದನೆಂದು ಕೆಲಸಗಳ್ಳತನ ಮಾಡಿದಂತೆ. ಸಂಘಟಿತ ಕಾರ್ಮಿಕನಿಗೆ ಅದು ಮರ್ಯಾದೆಯಲ್ಲ.

ಇಲ್ಲಿ ಒಬ್ಬ ಮಿತ್ರರು ನಿನ್ನೆ ನಮ್ಮೊಡನೆ ವಾದ ಮಾಡಿದರು. "ದೊಡ್ಡವರು ಜೀಪು ತಂದು ಏರಿಯ ಮ್ಯಾಲೇ ನಿಲ್ಲಸ್ತಾರ, ಮದುವಿ ಫೋಟೋ ತಗೀತಾರ, ಮ್ಯಾಲೆ ಡ್ರೋನ್ ಹಾರಸ್ತಾರ. ಅವರಿಗೆ ಹೇಳೋರಿಲ್ಲ. ವರ್ಷಕ್ಕ ಒಂದ್ ದಿನ ಹೋಗೋ ಬಡವರಿಗೆ ಉಪದೇಶ ಏನ್ ಮಾಸ್ತರ?" ಎಂದರು. ಅವರ ಸಿಟ್ಟಿನಲ್ಲಿ ನ್ಯಾಯವಿದೆ. ನಿಯಮವೆಂಬುದು ಜೀಪಿಗೆ ಒಂದು, ಟೆಂಪೋಕ್ಕೆ ಒಂದು ಇರಕೂಡದು. ಡ್ರೋನು ಹಕ್ಕಿಯ ಕಣ್ಣಿಗೆ ಗಿಡುಗ. ಅದರ ಸದ್ದಿಗೆ ಏಳುವ ಹಿಂಡು ಚಪ್ಪಾಳೆಗೆ ಏಳುವುದಕ್ಕಿಂತ ಹೆಚ್ಚು ಹೆದರಿ ಏಳುತ್ತದೆ. ಅದನ್ನು ಕಂಡರೆ ಅಲ್ಲೇ ಅರಣ್ಯ ಇಲಾಖೆಯ ಕಾವಲುಗಾರನಿಗೆ ಹೇಳಬೇಕು, ಕೇಳದಿದ್ದರೆ ಬರೆದು ಕೊಡಬೇಕು, ಈ ವಾರಪತ್ರಿಕೆಯಲ್ಲೂ ಬರೆಯಬೇಕು. ಆದರೆ ಹೇಳುವ ಅಧಿಕಾರ ಯಾರಿಗೆ ಬರುತ್ತದೆ? ಜೇಬಿನಲ್ಲಿ ಹೆಂಟೆ ಇಟ್ಟುಕೊಂಡವನಿಗೆ ಬರುವುದಿಲ್ಲ.

ಕೆರೆಯ ಮಾತಾಯಿತು. ಮಧ್ಯಾಹ್ನದ ಮೇಲೆ ಕಪ್ಪತಗುಡ್ಡದ ಕಡೆಗೂ ಹೋಗಬೇಕೆಂದು ಕೆಲವರ ಬೇಡಿಕೆ. ಆ ಗುಡ್ಡದ ಮಾತು ಬಂದರೆ ನಮ್ಮ ದನಿ ಸ್ವಲ್ಪ ಏರುತ್ತದೆ, ಕ್ಷಮಿಸಬೇಕು.

ಬಿಂಕದಕಟ್ಟಿಯಿಂದ ಸಿಂಗಟಾಲೂರಿನವರೆಗೆ ಗದಗ, ಮುಂಡರಗಿ, ಶಿರಹಟ್ಟಿ ಸೀಮೆಯಲ್ಲಿ ಚಾಚಿದ ಸಾಲು ಅದು. ಬಯಲುಸೀಮೆಯ ನಮಗೆ ಇರುವ ಒಂದೇ ಒಂದು ಕಾಡು. ಕತ್ತೆಕಿರುಬ, ತೋಳ, ಚಿರತೆ, ನಾಲ್ಕು ಕೊಂಬಿನ ಕೊಂಡಕುರಿ, ನವಿಲು ಅಲ್ಲಿವೆ. ಔಷಧಿ ಸಸ್ಯಗಳಿಗೆ ಹೆಸರಾದದ್ದು. ಆ ಗುಡ್ಡದ ಹೊಟ್ಟೆಯಲ್ಲಿ ಕಬ್ಬಿಣ, ಚಿನ್ನದ ಅದಿರೂ ಇದೆ, ಅದೇ ಅದರ ಗ್ರಹಚಾರ. 2015ರಲ್ಲಿ ಸರಕಾರ ಅದನ್ನು ಸಂರಕ್ಷಣಾ ಮೀಸಲು ಎಂದು ಸಾರಿತು. 2016ರಲ್ಲಿ ಅದೇ ಸರಕಾರ ತಾನು ಮಾಡಿದ್ದನ್ನು ತಾನೇ ಹಿಂತೆಗೆದುಕೊಂಡಿತು. 2017ರ ಫೆಬ್ರವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಈ ಊರಿನಲ್ಲಿ ಧರಣಿ ನಡೆಯಿತು. ರೈತರು, ಬರಹಗಾರರು, ಮಠದ ಭಕ್ತರು, ನಿರೀಶ್ವರವಾದಿಗಳು ಒಂದೇ ಚಪ್ಪರದ ಕೆಳಗೆ ಕುಳಿತರು. ಅದೇ ಏಪ್ರಿಲಿನಲ್ಲಿ ಮೀಸಲು ಮರಳಿ ಬಂತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರು ವನ್ಯಜೀವಿ ಅಭಯಾರಣ್ಯವಾಯಿತು. ಅದನ್ನು ನೋಡಲು ಸ್ವಾಮಿಗಳು ಇರಲಿಲ್ಲ. 2018ರ ಅಕ್ಟೋಬರಿನಲ್ಲಿ ತೀರಿಕೊಂಡಿದ್ದರು.

ಗಣಿಯ ಬಾಯಿಂದ ಕಿತ್ತು ತಂದ ಆ ಗುಡ್ಡವನ್ನು ಈಗ ಸುಡುತ್ತಿರುವುದು ಯಾರು? ಬೇಸಿಗೆ ಕಾಲಿಡುವ ಹೊತ್ತಿಗೆ ಪ್ರತಿ ವರ್ಷ ಕಪ್ಪತಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಆಳೆತ್ತರದ ಒಣ ಹುಲ್ಲು, ಅದರ ಮೇಲೆ ಎಂದೂ ನಿಲ್ಲದ ಗಾಳಿ. ಒಂದು ಬೀಡಿಯ ತುಂಡು ಸಾಕು. ಹುಲ್ಲು ಸುಟ್ಟರೆ ಮತ್ತೆ ಚಿಗುರುತ್ತದಲ್ಲ ಎನ್ನಬೇಡಿ. ನೆಲದ ಮೇಲೆ ಗೂಡು ಮಾಡುವ ಗೌಜಲ ಹಕ್ಕಿಯ ತತ್ತಿ, ಪೊದೆಯಲ್ಲಿ ಬಿಟ್ಟ ಮರಿ, ಮೊಣಕಾಲೆತ್ತರದ ಸಸಿ ಇವೆಲ್ಲ ಒಂದು ರಾತ್ರಿಯಲ್ಲಿ ಬೂದಿ. ಬೇರು ಸತ್ತ ಇಳಿಜಾರಿನ ಮೇಲೆ ಮುಂಗಾರಿನ ಮೊದಲ ಮಳೆ ಬಿದ್ದಾಗ ಕೆಂಪು ಮಣ್ಣು ಹಳ್ಳ ಸೇರುತ್ತದೆ, ಹಳ್ಳದಿಂದ ಕೆರೆ ಸೇರುತ್ತದೆ. ಕೆರೆ ತುಂಬುವುದು ನೀರಿನಿಂದಲ್ಲ, ಹೂಳಿನಿಂದ. ಬೆಂಕಿ ಆರಿಸಲು ಹಸಿರು ಟೊಂಗೆ ಹಿಡಿದು ಓಡುವವರು ಯಾರೆಂದು ನೋಡಿದ್ದೀರಾ? ನಮ್ಮಂತೆಯೇ ದಿನಗೂಲಿಯ ಜನ, ಬೆಂಕಿ ಕಾವಲಿಗೆ ನೇಮಿಸಿದವರು. ನಮ್ಮ ಬೀಡಿಗೆ ಅವರ ಅಂಗಾಲು ಸುಡುತ್ತದೆ.

ಆದುದರಿಂದ ಬೀಡಿ, ಸಿಗರೇಟು, ಬೆಂಕಿಪೊಟ್ಟಣ ಎಲ್ಲವೂ ಟೆಂಪೋದ ಡಬ್ಬಿಯಲ್ಲಿ ಉಳಿಯಬೇಕು. ಅರ್ಧ ದಿನ ಬೀಡಿ ಬಿಟ್ಟರೆ ಯಾರ ಪ್ರಾಣವೂ ಹೋಗುವುದಿಲ್ಲ. ಬಿಡಲಾರದವರು ಮಾಗಡಿಯನ್ನಷ್ಟೇ ನೋಡಿ ಬಸ್ಸಿಗೆ ಮರಳಿ ಬರಬಹುದು; ನಾವು ಬೇಸರ ಮಾಡಿಕೊಳ್ಳುವುದಿಲ್ಲ. ಗುಡ್ಡದಲ್ಲಿ ಒಲೆ ಹೂಡಿ ಅಡಿಗೆ ಮಾಡುವ ಮಾತನ್ನಂತೂ ಎತ್ತಲೇಬೇಡಿ. ಸಕ್ಕರೆ ರೋಗಕ್ಕೆ, ಮಂಡಿನೋವಿಗೆ ಬೇರು ಕಿತ್ತು ತರುತ್ತೇವೆಂದು ಚೀಲ ಹಿಡಿದವರೂ ಇದ್ದಾರೆ. ಅಭಯಾರಣ್ಯದಿಂದ ಗಿಡ ಕೀಳುವುದು ಅಪರಾಧ. ಅಲ್ಲದೆ ಗುಡ್ಡದ ಬುಡದ ಊರುಗಳಲ್ಲಿ ಗಿಡ ಬಲ್ಲವರು ಎಲೆ ಬೇಕಾದಲ್ಲಿ ಎಲೆಯನ್ನಷ್ಟೇ ಮುರಿಯುತ್ತಾರೆ. ನಾವು ಪೇಟೆಯವರು ಗುರುತು ತಿಳಿಯದೆ ಬುಡಸಹಿತ ಕಿತ್ತು, ಮನೆಗೆ ಬರುವಷ್ಟರಲ್ಲಿ ಬಾಡಿಸಿ, ತಿಪ್ಪೆಗೆ ಹಾಕುತ್ತೇವೆ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅರ್ಜಿಯನ್ನು ನಾವು ಬರೆದುಕೊಡುತ್ತೇವೆ. ಅನುಮತಿ ಸಿಗದಿದ್ದರೆ ಗುಡ್ಡವಿಲ್ಲ, ಕೆರೆಯಷ್ಟೇ. ಗೇಟಿನಲ್ಲಿ ನಿಂತು ಯಾರ ಪರಿಚಯವನ್ನೂ ಹೇಳಿ ಒಳಗೆ ನುಗ್ಗುವುದಿಲ್ಲ.

ಇನ್ನು ವ್ಯಾಪಾರಿ ಬಂಧುಗಳಿಗೆ ಸ್ವಲ್ಪ ಖಾರದ ಮಾತು. ಹೋದ ವರ್ಷ ಏರಿಯ ಮೇಲೆ ನಾವು ಬಿಟ್ಟು ಬಂದ ಕಸವನ್ನು ಮರುದಿನ ಊರಿನ ಹುಡುಗರು ಆಯ್ದರಂತೆ. ಅದರಲ್ಲಿ ಗಿರಮಿಟ್ಟಿನ ಚೀಲ, ನೀರಿನ ಪ್ಯಾಕೀಟು, ಗುಟ್ಕಾ ಚೀಟಿ, ಚಹದ ಪ್ಲಾಸ್ಟಿಕ್ ಕಪ್ಪು ಎಲ್ಲ ಇದ್ದವು, ಮತ್ತು ಎಲ್ಲವೂ ನಮ್ಮ ಪೇಟೆಯ ಅಂಗಡಿಗಳಿಂದ ಹೋದವು. ಪ್ಲಾಸ್ಟಿಕ್ ಕೈಚೀಲವನ್ನು ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿದೆ. ಒಮ್ಮೆ ಬಳಸಿ ಎಸೆಯುವ ತಟ್ಟೆ ಲೋಟಗಳ ಮೇಲೆ ದೇಶಕ್ಕೆಲ್ಲ ನಿಷೇಧ ಬಂದದ್ದು 2022ರ ಜುಲೈ 1ರಂದು. ಆದರೂ ಅಂಗಡಿಯಲ್ಲಿ ಏಕಿದೆ ಎಂದರೆ, "ಗಿರಾಕಿ ಕೇಳ್ತಾನ್ರೀ, ನಾ ಕೊಡದಿದ್ರ ಬಾಜೂ ಅಂಗಡಿಯವ ಕೊಡ್ತಾನ" ಎನ್ನುತ್ತೀರಿ. ನಿಮ್ಮ ಕಷ್ಟ ನಮಗೆ ಗೊತ್ತು. ತಯಾರಿಸುವ ಕಾರಖಾನೆಯ ಬಾಗಿಲು ಮುಚ್ಚದೆ ಬೀದಿಯ ಬುಟ್ಟಿಯವಳಿಗೆ ದಂಡ ಹಾಕುವ ಆಡಳಿತದ ಬುದ್ಧಿಯೂ ಗೊತ್ತು. ಅದರ ವಿರುದ್ಧ ಮಾತಾಡಲು ಬೇರೆ ದಿನ ಕೂಡೋಣ. ಆದರೆ ಈ ಪ್ರವಾಸದ ಮಟ್ಟಿಗಾದರೂ ಮುತ್ತುಗದ ಎಲೆ, ಹಾಳೆ ಕಾಗದ, ಬಟ್ಟೆಯ ಚೀಲ, ಸ್ಟೀಲಿನ ಚರಿಗೆ ಇವುಗಳಿಂದ ಕೆಲಸ ನಡೆಸಲಾಗದೆ? ನಮ್ಮ ಅಜ್ಜಂದಿರು ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ವಾರಗಟ್ಟಲೆ ಹೋಗಿ ಬಂದರು, ಬುತ್ತಿಯ ಅರಿವೆಯನ್ನು ಮಡಚಿ ಮರಳಿ ತಂದರು.

ಒಬ್ಬರು ಕೆರೆಯ ಬಳಿ ರವಿವಾರ ಮಿರ್ಚಿ ಭಜಿಯ ಗಾಡಿ ಹಾಕುವ ಯೋಚನೆ ಹೇಳಿದರು. ದಯವಿಟ್ಟು ಬೇಡ. ಮಾಗಡಿಯಲ್ಲೇ ಚಹದ ಅಂಗಡಿಗಳಿವೆ. ಬೆಳೆ ಕೊಟ್ಟವರು ಅವರು, ಎರಡು ರೂಪಾಯಿಯ ವ್ಯಾಪಾರವೂ ಅವರಿಗೇ ಆಗಲಿ. ನಾವು ಅಲ್ಲಿ ಚಹ ಕುಡಿಯೋಣ, ದುಡ್ಡು ಕೊಟ್ಟು ಕುಡಿಯೋಣ, ಚೌಕಾಸಿ ಮಾಡದೆ. ಮಂಡಕ್ಕಿ, ಬ್ರೆಡ್ಡು ಎಸೆದು ಹಕ್ಕಿಗೆ ಉಣಿಸುವುದೂ ಬೇಡ. ಹಿಮಾಲಯ ದಾಟಿ ಬಂದದ್ದಕ್ಕೆ ತನ್ನ ಅನ್ನ ಹುಡುಕಿಕೊಳ್ಳಲು ಗೊತ್ತಿದೆ. ಗುಡ್ಡದ ಮಂಗಗಳಿಗೂ ಅಷ್ಟೇ. ಇವತ್ತು ನಾವು ಬಾಳೆಹಣ್ಣು ಕೊಟ್ಟರೆ ನಾಳೆ ಅದು ಬುಡದ ಊರಿನ ಅವ್ವಂದಿರ ಕೈಯಿಂದ ಕಸಿಯುತ್ತದೆ.

ದಂಡೆಯಲ್ಲಿ ಸತ್ತ ಹಕ್ಕಿ ಕಂಡರೆ ಮಕ್ಕಳು ಎತ್ತಿ ಆಡಬಾರದು, ಕಾವಲುಗಾರನಿಗೆ ತಿಳಿಸಬೇಕು. 2005ರಲ್ಲಿ ಚೀನಾದ ಚಿಂಗ್ಹಾಯ್ ಸರೋವರದಲ್ಲಿ ಹಕ್ಕಿಜ್ವರದಿಂದ ಸಾವಿರಾರು ಹಕ್ಕಿ ಸತ್ತವು, ಅವುಗಳಲ್ಲಿ ಹೆಚ್ಚಿನವು ಇದೇ ಪಟ್ಟೆತಲೆಯ ಹೆಬ್ಬಾತುಗಳು. ಹೆದರಬೇಕಾದ್ದಿಲ್ಲ, ಮುಟ್ಟದಿದ್ದರೆ ಸಾಕು.

ಹೀಗೆಲ್ಲ ಕಟ್ಟುಪಾಡು ಹಾಕಿದರೆ ಪ್ರವಾಸದ ಮಜವೇ ಹೋಯಿತಲ್ಲ ಎಂದು ನಮ್ಮ ತರುಣರ ಮುಖ ಹೇಳುತ್ತಿದೆ. ಬೇರೆ ಊರಿನ ಮಾತು ಒಂದೆರಡು ಹೇಳುತ್ತೇವೆ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿಯ ಜನ ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಹಿಕ್ಕೆಯ ನಾತ, ಮೀನಿನ ನಾತ ಸಹಿಸಿಕೊಂಡು ಅವರು ಕಾಯ್ದದ್ದಕ್ಕೇ 2007ರಲ್ಲಿ ಅದು ಸಮುದಾಯ ಮೀಸಲು ಎನಿಸಿತು. ತಮಿಳುನಾಡಿನ ಶಿವಗಂಗೆ ಜಿಲ್ಲೆಯಲ್ಲಿ ಕೊಳ್ಳುಕುಡಿಪಟ್ಟಿ ಎಂಬ ಊರಿದೆ. ಕೆರೆಯ ಹಕ್ಕಿಗಳು ಬೆದರಬಾರದೆಂದು ಅಲ್ಲಿ ದೀಪಾವಳಿಗೆ ಪಟಾಕಿ ಸುಡುವುದಿಲ್ಲ. ಮಕ್ಕಳೂ ಒಪ್ಪಿದ್ದಾರೆ. ದೀಪಾವಳಿಯ ಪಟಾಕಿಯನ್ನೇ ಬಿಟ್ಟ ಮಕ್ಕಳ ಮುಂದೆ ನಮ್ಮ ಒಂದು ಹೊತ್ತಿನ ಚಪ್ಪಾಳೆ ಎಷ್ಟರದು?

ಸುಮ್ಮನೆ ಕುಳಿತರೆ ಸಿಗುವ ಮಜವೂ ಇದೆ. ಹೋದ ವರ್ಷದ ಅವಮಾನದ ನಂತರ ನಾವೊಬ್ಬರೇ ಮತ್ತೊಮ್ಮೆ ಬಸ್ಸಿನಲ್ಲಿ ಹೋಗಿದ್ದೆವು. ಆ ಮುದುಕನನ್ನು ಹುಡುಕಿ ಅವನ ಹೊಲದ ಬದುವಿನ ಮೇಲೆ, ಜಾಲಿಯ ಮರೆಯಲ್ಲಿ ಕುಳಿತೆವು. ಮಧ್ಯಾಹ್ನ ಕಳೆದು ಬಿಸಿಲು ಇಳಿಯುವವರೆಗೆ ಅವನೂ ಮಾತಾಡಲಿಲ್ಲ, ನಾವೂ ಮಾತಾಡಲಿಲ್ಲ. ಹಕ್ಕಿಗಳು ನಮ್ಮನ್ನು ಮರೆತವು. ದಂಡೆಗೆ ನಡೆದು ಬಂದು ಮೈ ಕೊಡವಿದವು, ಒಂದನ್ನೊಂದು ಕುಕ್ಕಿ ಜಗಳಾಡಿದವು. ಸಂಜೆ ಹೊತ್ತು ಮುಳುಗುತ್ತ ಒಂದು ಗುಂಪು ಎದ್ದಿತು, ಇನ್ನೊಂದು ಎದ್ದಿತು, ಹೀಗೆ ಸಾಲುಸಾಲಾಗಿ ತಮ್ಮಷ್ಟಕ್ಕೆ ತಾವೇ ಎದ್ದು, ನಮ್ಮ ತಲೆಯ ಮೇಲೆಯೇ, ಗಂಟಲಲ್ಲಿ ಗೊಣಗುತ್ತ ಹೊಲಗಳ ಕಡೆಗೆ ಹೋದವು. ಪಾಳಿಯ ಕೂಗು ಆದಾಗ ಗಿರಣಿಯ ಬಾಗಿಲಿಂದ ಜನ ಹೊರಡುವ ಹಾಗೆ. ಹಾರುವುದನ್ನು ನೋಡಬೇಕಾಗಿತ್ತಲ್ಲ ಆ ತರುಣ ಮಿತ್ರನಿಗೆ? ಕಾಯ್ದರೆ ಅವೇ ಹಾರುತ್ತವೆ. ಸಂಜೆಯವರೆಗೆ ಕಾಯಬೇಕು, ಅಷ್ಟೆ. ಮುದುಕ ಎದ್ದು ಪಂಚೆ ಕೊಡವಿಕೊಂಡು, "ಇವತ್ತ ಯಾರ ಹೊಲಕ್ಕ ಹೊಂಟಾವೋ" ಎಂದು ನಕ್ಕ.

ಅದಕ್ಕಾಗಿ ಈ ವರ್ಷ ಹೊತ್ತನ್ನು ಬದಲಿಸಿದ್ದೇವೆ. ನಸುಕಿನಲ್ಲಿ ಹೋಗಿ ಹಕ್ಕಿ ಮರಳುವುದನ್ನು ನೋಡುವುದು. ಅವು ಇಳಿದು ನೆಲೆ ನಿಂತ ಮೇಲೆ ನಾವು ಎದ್ದುಬಿಡುವುದು. ಅಲ್ಲಿಂದ ಲಕ್ಷ್ಮೇಶ್ವರಕ್ಕೆ ಹೋಗಿ ಸೋಮೇಶ್ವರ ಗುಡಿ ನೋಡಿ, ಊರಲ್ಲಿ ಬುತ್ತಿ ಬಿಚ್ಚುವುದು. ಹಾಡು, ಕುಣಿತ, ಹುಡುಗರ ಆಟ ಎಲ್ಲ ಅಲ್ಲಿ. ಹೆಣ್ಣುಮಕ್ಕಳ ಅನುಕೂಲವೂ ಕೆರೆಯ ದಂಡೆಯಲ್ಲಿಲ್ಲ. ಹೋದ ಸಲ ಅವರು ಪಟ್ಟ ಪಾಡನ್ನು ಗಂಡಸರು ಯಾರೂ ಕೇಳಲಿಲ್ಲ. ಏರಿಯ ಹಿಂದೆ ಹೋಗುವುದು ಅವರಿಗೂ ಸಂಕಟ, ನೀರಿಗೂ ಹೊಲಸು. ಅದರಿಂದ ಹೋಗುವಾಗ ಶಿರಹಟ್ಟಿಯ ಬಸ್ ನಿಲ್ದಾಣದಲ್ಲಿ ಕಾಲು ಗಂಟೆ ನಿಲ್ಲುತ್ತೇವೆ. ಗುಡ್ಡದ ಅನುಮತಿ ಬಂದರೆ ಮಧ್ಯಾಹ್ನದ ಮೇಲೆ ಅತ್ತ ಹೋಗುವುದು, ಬಾರದಿದ್ದರೆ ಮತ್ತೆ ಮಾಗಡಿಗೆ ಬಂದು ಸಂಜೆಯವರೆಗೆ ಕೂಡುವುದು. ನಮ್ಮನ್ನು ಕೇಳಿದರೆ ಎರಡನೆಯದೇ ವಾಸಿ.

ಧ್ವನಿವರ್ಧಕ ತರುವ ಸೂಚನೆಯನ್ನು ಕೈಬಿಡಬೇಕೆಂದು ನಾವು ಸೂಚಿಸುತ್ತೇವೆ. ವಿರೋಧವಿದ್ದವರು ಈಗಲೇ ಎದ್ದು ಹೇಳಿ, ಮತಕ್ಕೆ ಹಾಕೋಣ. ಟೆಂಪೋ ಎರಡು. ಬರುವ ರವಿವಾರ ನಸುಕಿನ 4 ಗಂಟೆಗೆ ಗಿರಣಿಯ ಹಿಂಬಾಗಿಲಿನಿಂದ ಹೊರಡುತ್ತವೆ, ಊರ ಹೊರಗೇ ನಿಲ್ಲುತ್ತವೆ, ಅಲ್ಲಿಂದ ಕೆರೆಗೆ ನಡಿಗೆ. ಬಿಳಿ, ಕೆಂಪು ಅರಿವೆ ಬೇಡ, ಮಾಸಲು ಬಣ್ಣದ್ದು ಉಟ್ಟುಬನ್ನಿ. ಹೊಲದೊಳಗೆ ಇಳಿಯದೆ ಬದುವಿನ ಮೇಲೆಯೇ ಸಾಲಾಗಿ ನಡೆಯಬೇಕು; ಏರಿಯ ನೆತ್ತಿಯ ಮೇಲೆ ನಿಲ್ಲದೆ ಮಗ್ಗುಲಲ್ಲಿ ಕೂಡಬೇಕು. ಮೊಬೈಲಿನ ಸದ್ದು ಬಂದ್. ಕಸದ ಗೋಣಿಚೀಲ ಎರಡು, ಒಂದು ನಮ್ಮ ಹೆಗಲಿಗೆ, ಇನ್ನೊಂದು ಹೋದ ವರ್ಷ ಹೆಂಟೆ ಎಸೆದ ಮಿತ್ರನ ಹೆಗಲಿಗೆ, ಅವನೇ ಕೇಳಿ ಪಡೆದಿದ್ದಾನೆ. ತಲೆಗೆ ಟೆಂಪೋ ಬಾಡಿಗೆ ಎಷ್ಟು ಬೀಳುತ್ತದೆಂಬುದನ್ನು ಖಜಾಂಚಿಯವರು ಈಗ ಹೇಳುತ್ತಾರೆ.